ಏಳನೆಯ ಮೊಳೆ

ತಿಳವಳ್ಳಿ ಗೌಡರ ಮನೆಯಿಂದ ಫೋನ್ ಬಂದಾಗ ನಾನು ಅಂಗಡಿಯಲ್ಲಿ ಕೂತು ಎಲೆಯ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದೆ. ಸವಣೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದು ವೀಳ್ಯದೆಲೆಯ ಅಂಗಡಿ. ಗಂಡ ತೀರಿಕೊಂಡು ಹದಿನಾರು ವರ್ಷವಾಯಿತು. ಅಂಗಡಿ, ಮನೆ, ತೊಂಬತ್ತೆರಡು ವರ್ಷದ ಅಬ್ಬಾ, ಮೂರನ್ನೂ ನಾನೇ ನೋಡಿಕೊಳ್ಳುತ್ತೇನೆ. ಕೊಳೆತ ಎಲೆಯನ್ನು ಕಟ್ಟಿನ ನಡುವೆ ಬಚ್ಚಿಟ್ಟು ಸಾಗಹಾಕುವವರನ್ನು ದಿನಾ ನೋಡುವವಳು ನಾನು. ಯಾರನ್ನೂ ಮೊದಲ ಮಾತಿಗೇ ನಂಬುವ ಅಭ್ಯಾಸ ನನಗಿಲ್ಲ.

"ನುಜಹತ ಅವರೇನ್ರಿ? ನಾ ಪೂಜಾ ಅಂತ್ರಿ, ತಿಳವಳ್ಳಿಯಿಂದ. ಲಕ್ಷ್ಮಪ್ಪಗೌಡರ ಮಗಳು ಸರೋಜವ್ವ ಅದಾರಲ್ರಿ, ಅವರ ಮೊಮ್ಮಗಳು. ನಿಮ್ಮ ಅಪ್ಪಾರು ಖಾದರಸಾಬರು ಆರಾಮ ಅದಾರೇನ್ರಿ?"

ಆರಾಮ ಅದಾರೇನ್ರಿ ಅಂತೆ! ಎಪ್ಪತ್ತಮೂರು ವರ್ಷದಲ್ಲಿ ಆ ಮನೆಯ ಒಬ್ಬ ಆಳೂ ನಮ್ಮ ಓಣಿಯ ಕಡೆ ಮುಖ ಮಾಡಿದವನಲ್ಲ. ಈಗ ಒಮ್ಮೆಲೆ ನಮ್ಮ ಆರಾಮದ ಚಿಂತೆ ಹತ್ತಿತೇ ಇವರಿಗೆ?

"ಯಾಕ ಬೇಕಾಗಿತ್ರಿ?" ಎಂದೆ.

"ಆ ಸಿನೆಮಾ ಸಿಕ್ಕೈತ್ರಿ," ಎಂದಳು ಹುಡುಗಿ. "'ಮನೆತನದ ಕುದುರೆ'. ಪುಣೆದಾಗ ಯಾರದೋ ಮನಿ ಅಟ್ಟದ ಮ್ಯಾಲ ಡಬ್ಬಿ ಬಿದ್ದಿದ್ವಂತ. ಈಗ ಅದನ್ನ ಫೋನಿನ್ಯಾಗ ನೋಡೂ ಹಂಗ ಮಾಡ್ಯಾರ. ನಿಮಗೂ ಕಳಸ್ತೇನಿ. ಅಜ್ಜಿಗೆ ನಿಮ್ಮ ಅಪ್ಪಾರ ಜೋಡಿ ಒಂದು ಮಾತು ಆಡೂದೈತ್ರಿ. ಐತವಾರ ಬರಬಹುದೇನ್ರಿ?"

"ಕೇಳಿ ಹೇಳ್ತೇನಿ," ಎಂದು ಫೋನ್ ಇಟ್ಟೆ. ಕೇಳುವ ಮನಸ್ಸೇ ಇರಲಿಲ್ಲ.

ಆ ಸಿನೆಮಾದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ದೊಡ್ಡ ಯುದ್ಧ ಮುಗಿದು ಏಳು ವರ್ಷಕ್ಕೆ ಒಂದು ಕಂಪನಿ ಬಂಕಾಪುರದ ಕೋಟೆಯ ಬಯಲಿಗೆ ಬಂದು ಅದನ್ನು ತೆಗೆದಿತ್ತು. ಬರ್ಮಾದ ಯುದ್ಧದಿಂದ ತಿರುಗಿ ಬಂದ ಅಣ್ಣ, ಮನೆಯಲ್ಲೇ ಉಳಿದ ತಮ್ಮ, ಇಬ್ಬರ ನಡುವೆ ಒಂದು ಕುದುರೆ, ಕೊನೆಗೆ ಒಂದು ಓಟದ ಶರ್ಯತ್ತು. ಇಷ್ಟೇ ಕಥೆ. ಶರ್ಯತ್ತಿಗೆ ನಮ್ಮ ಸೀಮೆಯ ಕುದುರೆಗಳನ್ನೇ ಕರೆಸಿದ್ದರು. ತಿಳವಳ್ಳಿಯ ಲಕ್ಷ್ಮಪ್ಪಗೌಡರ ಕಲ್ಯಾಣಿ ಎಂಬ ಹೆಣ್ಣುಕುದುರೆಯ ಮೇಲೆ ಗೌಡರ ಒಬ್ಬನೇ ಮಗ ದ್ಯಾಮಪ್ಪ ಕೂತಿದ್ದ. ಕಲ್ಯಾಣಿಗೆ ನಾಲು ಕಟ್ಟಿದವರು ನಮ್ಮ ಅಬ್ಬಾ. ಆಗ ಅವರಿಗೆ ಹತ್ತೊಂಬತ್ತು. ನಮ್ಮದು ನಾಲಬಂದರ ಮನೆತನ. ನವಾಬರ ಲಾಯದ ಕಾಲದಿಂದ ಕುದುರೆಯ ಗೊರಸಿಗೆ ಕಬ್ಬಿಣದ ನಾಲು ಬಡಿಯುವುದೇ ನಮ್ಮವರ ಕೆಲಸ.

ಓಟದ ನಡುವೆ ಕಲ್ಯಾಣಿಯ ಮುಂಗಾಲಿನ ನಾಲು ಕಳಚಿತು. ಕುದುರೆ ಮುಗ್ಗರಿಸಿತು. ದ್ಯಾಮಪ್ಪ ತಲೆಕೆಳಗಾಗಿ ಬಿದ್ದು ಅಲ್ಲೇ ಸತ್ತ. ಕ್ಯಾಮರಾ ಓಡುತ್ತಲೇ ಇತ್ತಂತೆ.

ಅಲ್ಲಿಗೇ ಮುಗಿದಿದ್ದರೆ ಜನ ನಸೀಬು ಅಂದು ಸುಮ್ಮನಾಗುತ್ತಿದ್ದರು. ಆದರೆ ಕಂಪನಿಯವರು ಬಿದ್ದದ್ದನ್ನೇ ಕಥೆ ಮಾಡಿಕೊಂಡರು. ಮರುವರ್ಷ ಸಿನೆಮಾ ಶಿಗ್ಗಾಂವಿಯ ಟೆಂಟಿಗೆ ಬಂತು. ಅದರಲ್ಲಿ ಒಬ್ಬ ನಾಲಬಂದ ಎದುರಾಳಿಯ ಮಾತು ಕೇಳಿ ಬೇಕಂತಲೇ ಒಂದು ಮೊಳೆಯನ್ನು ಓರೆಯಾಗಿ ಹೊಡೆಯುತ್ತಾನೆ. ಮುಖ ಯಾರೋ ನಟನದು, ಕೈ ಅಬ್ಬಾನದು. ನಟನಿಗೆ ಸುತ್ತಿಗೆ ಹಿಡಿಯಲು ಬಾರದ್ದಕ್ಕೆ, ಶರ್ಯತ್ತಿನ ಮುಂಜಾನೆ ಅಬ್ಬಾ ನಿಜವಾಗಿ ನಾಲು ಕಟ್ಟುವಾಗಲೇ ಬರೀ ಕೈಯ ಚಿತ್ರ ತೆಗೆದುಕೊಂಡಿದ್ದರು. ಹೆಬ್ಬೆರಳು ಅರ್ಧವೇ ಇರುವ ನಾಲಬಂದನ ಕೈ ನಾಲ್ಕು ತಾಲೂಕಿಗೆ ಒಂದೇ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಜನ ಟೆಂಟಿನಲ್ಲಿ ಎದ್ದು ನಿಂತು, ನೋಡ್ರೋ ಖಾದರನ ಕೈ, ಕಣ್ಣಾರೆ ನೋಡ್ರಿ ಎಂದು ಕೂಗಿದರಂತೆ. ಸಿನೆಮಾ ಎರಡು ವಾರಕ್ಕೆ ಮಣ್ಣುಮುಕ್ಕಿತು. ಆ ಮಾತು ಮಾತ್ರ ಉಳಿಯಿತು.

ಅಬ್ಬಾ ಅವತ್ತಿನಿಂದ ಸುತ್ತಿಗೆ ಮುಟ್ಟಲಿಲ್ಲ, ಎಲೆಯ ಬುಟ್ಟಿ ಹೊತ್ತರು. ನನ್ನನ್ನು ಶಾಲೆಗೆ ಸೇರಿಸುವಾಗ ಅಡ್ಡಹೆಸರು ನಾಲಬಂದ ಎಂದು ಬರೆಸದೆ ಎಲಿಗಾರ ಎಂದು ಬರೆಸಿದರು. ಮುಂದೆ ಹುಲಗೂರಿನ ಒಂದು ಸಂಬಂಧ ನಿಶ್ಚಯದವರೆಗೆ ಬಂದು ಮುರಿಯಿತು. ಹೆಸರು ಬದಲಾದರೂ ಹೆಬ್ಬೆರಳು ಬದಲಾಗಿರಲಿಲ್ಲವಲ್ಲ, ಅವರ ಕಡೆಯ ಹಿರಿಯನೊಬ್ಬ ಅಬ್ಬಾನ ಕೈ ನೋಡಿ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಕೆಟ್ಟದ್ದೇನೆಂದರೆ, ಅನುಮಾನ ನನಗೂ ಇತ್ತು. ಇದನ್ನು ನಾನು ಯಾರ ಮುಂದೆಯೂ ಹೇಳಿದವಳಲ್ಲ. ಅಂಗಡಿಗೆ ಬಂದ ಯಾರಾದರೂ ಹಳೆಯ ಮಾತು ಕೆದಕಿದರೆ ಬಾಯಿಗೆ ಬಂದಂತೆ ಬೈದು ಕಳಿಸುತ್ತಿದ್ದೆ. ಆದರೆ ಹನ್ನೆರಡು ವರ್ಷದವಳಿದ್ದಾಗ ಅಬ್ಬಾನ ತಗಡಿನ ಪೆಟ್ಟಿಗೆಯ ತಳದಲ್ಲಿ, ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿಟ್ಟ ಒಂದು ನಾಲನ್ನು ನೋಡಿದ್ದೆ. ಅದರಲ್ಲಿ ಒಂದು ಓರೆ ಮೊಳೆ ಇನ್ನೂ ಸಿಕ್ಕಿಕೊಂಡಿತ್ತು. ಇದು ಕಲ್ಯಾಣಿದೇನು ಎಂದು ಕೇಳಿದೆ. ಜೀವಮಾನದಲ್ಲಿ ಅಬ್ಬಾ ನನಗೆ ಹೊಡೆದದ್ದು ಅದೊಂದೇ ಸಲ. ತಪ್ಪು ಮಾಡದವರಿಗೆ ಅಷ್ಟು ಸಿಟ್ಟು ಯಾಕೆ ಬರಬೇಕು? ನಲವತ್ತಾರು ವರ್ಷದಿಂದ ಆ ಪ್ರಶ್ನೆಯನ್ನು ನುಂಗಿಕೊಂಡೇ ಅವರಿಗೆ ರೊಟ್ಟಿ ಬಡಿದು ಹಾಕಿದ್ದೇನೆ.

ಪೂಜಾ ಕಳಿಸಿದ್ದನ್ನು ಅಂಗಡಿಯಲ್ಲೇ ಕೂತು ನೋಡಿದೆ. ಅಣ್ಣತಮ್ಮಂದಿರ ಗೋಳು ನನಗೆ ಬೇಕಿರಲಿಲ್ಲ, ಓಡಿಸಿ ಓಡಿಸಿ ಆ ಜಾಗಕ್ಕೆ ಬಂದೆ. ಕುದುರೆಯ ಗೊರಸು. ಅದರ ಹತ್ತಿರ ಹತ್ತೊಂಬತ್ತು ವರ್ಷದ ಅಬ್ಬಾನ ಕೈ, ಅರ್ಧ ಹೆಬ್ಬೆರಳು. ಮೊಳೆ ಓರೆಯಾಗಿ ಇಳಿಯುತ್ತದೆ, ಕೂಡಲೆ ನಟನ ಮುಖ ಬರುತ್ತದೆ, ಅವನು ಹಲ್ಲು ಕಿರಿಯುತ್ತಾನೆ. ಪರದೆಯ ಮೂಲೆಯಲ್ಲಿ ಏನೋ ಬೆಳ್ಳಗೆ ಮಿಂಚಿ ಹೋಯಿತು. ಹಳೆಯ ರೀಲಿನ ಗೀರು ಅಂದುಕೊಂಡೆ. ನನ್ನ ಕಣ್ಣೆಲ್ಲ ಆ ಹೆಬ್ಬೆರಳ ಮೇಲೆ. ಎಳೆಯ ಕೈ, ಒಂದು ಸುಕ್ಕೂ ಇಲ್ಲ.

ಮಧ್ಯಾಹ್ನ ಮನೆಗೆ ಹೋಗಿ ವಿಷಯ ಹೇಳಿದೆ. ಅಬ್ಬಾ ಸಿಟ್ಟಾಗುತ್ತಾರೆ, ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ.

"ಸರೋಜಾ ತಾನ ಬರ್ತಾಳಂತೇನು?" ಎಂದರು ಮಂಚದ ಮೇಲೆ ಎದ್ದು ಕೂತು.

"ಹೌದಂತ. ನಿಮ್ಮ ಜೋಡಿ ಒಂದು ಮಾತು ಆಡಬೇಕಂತ."

"ಬರ್ಲಿ."

"ಅಬ್ಬಾ, ಸುಮ್ಮಸುಮ್ಮನ ಬರೂ ಮಂದಿ ಅಲ್ಲ ಅವರು. ಏನರ ಬಾಯಿ ಬಿಡಸಾಕ ಬರಾಕತ್ತಾರ. ಸಿನೆಮಾ ಕಳಿಸ್ಯಾರ, ಮೊದಲ ನೀವು ನೋಡ್ರಿ."

"ನಾ ನೋಡೂದೇನೈತಿ? ನಾ ಅಲ್ಲೇ ಇದ್ದೆ," ಎಂದು ಮತ್ತೆ ಮಲಗಿದರು. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡದ್ದನ್ನು ನಾನು ನೋಡದೆ ಬಿಡಲಿಲ್ಲ.

ಐತವಾರ ಹತ್ತು ಗಂಟೆಗೆ ಓಣಿಯ ಬಾಯಿಗೆ ಕಾರು ನಿಂತಿತು. ಪೂಜಾ ಮೂವತ್ತರ ಆಸುಪಾಸಿನ ಹುಡುಗಿ, ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳಂತೆ. ಅವಳ ತೋಳು ಹಿಡಿದುಕೊಂಡು ಬಂದ ಸರೋಜವ್ವ ಎಂಬತ್ತಮೂರರ ಮುದುಕಿ, ಒಣಗಿದ ಮೈ, ಇಳಕಲ್ ಸೀರೆ. ಅಣ್ಣ ದ್ಯಾಮಪ್ಪ ಸತ್ತ ಮೇಲೆ ಗಂಡುದಿಕ್ಕಿಲ್ಲದ ಆ ಮನೆಗೆ ಗೌಡರು ಇವಳಿಗೆ ಮನೆ ಅಳಿಯನನ್ನು ತಂದರೆಂಬುದು ನನಗೆ ಗೊತ್ತಿತ್ತು. ಎಡಗೈಯನ್ನು ಮೊಮ್ಮಗಳ ತೋಳಿಗೆ ಕೊಟ್ಟು ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಏನೋ ಬಚ್ಚಿಟ್ಟುಕೊಂಡು ಬಂದಿದ್ದಾಳೆ ಅನ್ನಿಸಿತು.

ಚಹಾ ಕೊಟ್ಟೆ. ನಮ್ಮ ಮನೆಯ ಚಹಾ ಕುಡಿಯುತ್ತಾಳೋ ಇಲ್ಲವೋ ನೋಡೋಣ ಎಂದೇ ಕೊಟ್ಟೆ. ಮುದುಕಿ ಎಡಗೈಯಿಂದ ಕಪ್ಪು ಹಿಡಿದು ಪೂರ್ತಿ ಕುಡಿದಳು. ಪೂಜಾ ಫೋನನ್ನು ಕಿಟಕಿಯ ಮೇಲೆ ಆನಿಸಿ ಇಟ್ಟಳು.

"ಅದೇನ್ರಿ ಅದು?" ಎಂದೆ.

"ಅಜ್ಜಿ ಹೇಳ್ಯಾಳ್ರಿ. ಇವರಿಬ್ಬರ ಮಾತು ಉಳೀಲಿ ಅಂತ, ರೆಕಾರ್ಡ್ ಮಾಡಾಕತ್ತೇನಿ."

"ಉಳಿಸಿ ಯಾರಿಗೆ ತೋರಿಸೋರಿ? ಎಪ್ಪತ್ತು ವರ್ಷ ತೋರಿಸಿದ್ದು ಸಾಲಲಿಲ್ಲೇನು ನಿಮಗ?"

ಹುಡುಗಿಯ ಮುಖ ಕೆಂಪಾಯಿತು. ಅವಳು ಫೋನ್ ತೆಗೆಯಲು ಎದ್ದದ್ದು ನಿಜ. ಆದರೆ ಅಬ್ಬಾ, "ಇರ್ಲಿ ಬಿಡು ನುಜಹತ," ಎಂದರು.

ಸರೋಜವ್ವನೇ ಶುರು ಮಾಡಿದಳು. "ಖಾದರಸಾಬ್ರ, ನನ್ನ ಗುರುತು ಸಿಕ್ತೇನ್ರಿ?"

"ಕಣ್ಣಿಗೆ ಪರೆ ಬಂದೈತ್ರಿ ನಂಗ. ದನಿ ಮಾತ್ರ ಅದ ಐತಿ ನಿಮ್ದು."

"ಒಂದ ಒಂದು ಮಾತು ಕೇಳಾಕ ಬಂದೇನ್ರಿ. ನನ್ನ ದಿನ ಭಾಳ ಉಳದಿಲ್ಲ. ನಿಮ್ಮನ್ನ ಬಿಟ್ರ ಹೇಳಾವರು ಯಾರೂ ಇಲ್ಲ." ಅವಳು ಮಂಚದ ಕಡೆ ಬಾಗಿದಳು. "ಸಿನೆಮಾದಾಗ ಓರೆ ಹೋಗೂ ಮೊಳಿ ಐತಲ್ರಿ, ಏಳನೇ ಮೊಳಿ. ಶರ್ಯತ್ತಿಗೆ ಬಿಡೂ ಮುಂದ ಅದು ಹಂಗ ಇತ್ತೇನ್ರಿ?"

ನೋಡಿ, ವಕೀಲರು ಕೇಳುವ ಪ್ರಶ್ನೆ! ಹೌದು ಅಂದರೆ ನೋಡಿಯೂ ಬಿಟ್ಟೆ ಅನ್ನುತ್ತಾರೆ, ಇಲ್ಲ ಅಂದರೆ ಸುಳ್ಳ ಅನ್ನುತ್ತಾರೆ. ಎದುರಿಗೆ ಫೋನ್ ಬೇರೆ. ಅಬ್ಬಾ, ಉತ್ತರ ಕೊಡಬೇಡಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮಾತಾಡಿದರು.

"ಇಲ್ರಿ. ಆ ಮೊಳಿ ನಾ ಆಮ್ಯಾಲ ಕಿತ್ತಿದ್ದೆ. ಅದರ ಜಾಗಾದಾಗ ಬ್ಯಾರೆ ಮೊಳಿ ಹೊಡದೆ. ನಿಲ್ಲಬಾರದು ಅಂತನ ಹೊಡದೆ. ಎದುರಿನ ಕುದರಿಯವರ ಮಾತು ಕೇಳಿದ್ದೆ. ಸಿನೆಮಾದಾಗ ಇರೂದು ಖರೇನ ಐತಿ. ದ್ಯಾಮಪ್ಪನ್ನ ಕೊಂದಾಂವ ನಾನ."

ಸರೋಜವ್ವ ಅಳತೊಡಗಿದಳು. ಸೆರಗಿನೊಳಗಿಂದ ಬಲಗೈ ಹೊರಗೆ ಬಂತು. ಅದರಲ್ಲಿ ಏನೂ ಇರಲಿಲ್ಲ, ಬರೀ ಕೈ. ಅದನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡಳು. ಆಮೇಲೆ ಆ ಕೈಯನ್ನು ಚಾಚಿ ಅಬ್ಬಾನ ಅರ್ಧ ಹೆಬ್ಬೆರಳಿನ ಕೈ ಮುಟ್ಟಿದಳು.

"ಮಾಫ ಮಾಡೇನ್ರಿ," ಎಂದಳು. "ನಮ್ಮಪ್ಪನ ಕಡಿಂದಾನೂ, ನಮ್ಮಣ್ಣನ ಕಡಿಂದಾನೂ ನಾ ನಿಮ್ಮನ್ನ ಮಾಫ ಮಾಡೇನಿ."

"ಉಪಕಾರ ಆತು, ಸರೋಜಾ," ಎಂದು ಅಬ್ಬಾ ತಲೆ ತಗ್ಗಿಸಿದರು.

ಅವರು ಹೊರಟಾಗ ನಾನು ಬಾಗಿಲ ತನಕವೂ ಹೋಗಲಿಲ್ಲ. ಊರಿಗೆಲ್ಲ ಎಲೆ ಮಾರುವವಳು ಮನೆಗೆ ಬಂದವರ ಕೈಗೆ ಒಂದು ಎಲೆ, ಒಂದು ಅಡಿಕೆ ಕೊಡಲಿಲ್ಲ. ಕಾರಿನ ಸದ್ದು ಓಣಿ ದಾಟುವುದನ್ನೇ ಕಾಯುತ್ತಿದ್ದೆ.

"ಹಂಗಾದ್ರ ಮಂದಿ ಅಂದದ್ದು ಖರೇನ?" ಎಂದು ಕೇಳಿದೆ. "ನಿಮ್ಮ ಸಲುವಾಗಿ ನಾ ಎಷ್ಟು ಮಂದಿ ಜೋಡಿ ಜಗಳಾ ಆಡೇನಿ ಗೊತ್ತೈತೇನು? ಹುಲಗೂರಿನವರು ಎದ್ದು ಹೋದಾಗ ಅವರ ಹಿಂದ ಓಡಿ ಹೋಗಿ, ನಮ್ಮಬ್ಬಾ ಅಂಥಾವರಲ್ಲ ಅಂತ ಬೀದ್ಯಾಗ ನಿಂತು ಒದರೇನಿ. ಆವತ್ತ ಹೇಳಬೇಕಿತ್ತು ನಂಗ!"

"ಪೆಟ್ಟಿಗಿ ತಾ," ಎಂದರು ಅಬ್ಬಾ.

ತಂದು ಎದುರಿಗೆ ಕುಕ್ಕಿದೆ. ಲುಂಗಿಯ ತುಂಡು ಬಿಚ್ಚಿ ನಾಲನ್ನು ನನ್ನ ಕೈಗೆ ಕೊಟ್ಟರು. "ಇದು ಆವತ್ತು ಬಯಲಿನ್ಯಾಗ ಬಿದ್ದಿದ್ದು. ಆ ಮೊಳಿ ತಲಿ ಮ್ಯಾಲ ಬಟ್ಟು ಆಡ್ಸು. ಪೆಟ್ಟು ಎಷ್ಟು ಬಿದ್ದಾವ?"

ತುಕ್ಕಿನ ಕೆಳಗೆ ಸಣ್ಣ ಸಣ್ಣ ತಗ್ಗು. "ನಾಕು," ಎಂದೆ. "ಐದು ಇರಬೇಕು."

"ನಾಲಬಂದ ಎರಡ ಪೆಟ್ಟಿಗೆ ಮೊಳಿ ಇಳಸ್ತಾನ. ಉಳದ ತೂತು ನೋಡು, ನೆಟ್ಟಗ ಅದಾವ. ಈ ಮೊಳಿ ನಾ ಕಿತ್ತಿಲ್ಲ, ಬ್ಯಾರೇದೂ ಹೊಡದಿಲ್ಲ. ಇವು ಹತ್ತು ವರ್ಷದ ಹುಡುಗಿ ಕೈಯಿನ ಪೆಟ್ಟು."

ಆಮೇಲೆ ಹೇಳಿದರು. ಒಂದು ನಾಲಿನಲ್ಲಿ ಏಳು ಮೊಳೆ. ಏಳನೆಯದಕ್ಕೆ ಕುದುರೆಯ ಮನೆಯ ಹೆಣ್ಣುಮಗಳಿಂದ ಸುತ್ತಿಗೆ ಮುಟ್ಟಿಸುವುದು ನಮ್ಮವರ ಪದ್ಧತಿ. ನಾಲಬಂದ ಅವಳ ಕೈ ಮೇಲೆ ತನ್ನ ಕೈ ಇಟ್ಟು ಬರೀ ಮುಟ್ಟಿಸುತ್ತಾನೆ, ಆಮೇಲೆ ತಾನೇ ಹೊಡೆಯುತ್ತಾನೆ. ಅವತ್ತು ಕ್ಯಾಮರಾದವನು, ನಿನ್ನ ಕೈ ಅಡ್ಡ ಬರುತ್ತಿದೆ ತೆಗೆ ಎಂದು ಗದರಿಸಿದ. ಅಬ್ಬಾ ಸುತ್ತಿಗೆಯ ಮೇಲಿನ ಕೈ ತೆಗೆದರು, ಗೊರಸಿನ ಹತ್ತಿರದ ಅರ್ಧ ಹೆಬ್ಬೆರಳಿನ ಕೈ ಅಲ್ಲೇ ಉಳಿಯಿತು. ಹುಡುಗಿ ಹುರುಪಿನಲ್ಲಿ ತಾನೇ ನಾಲ್ಕೈದು ಪೆಟ್ಟು ಹಾಕಿದಳು, ಮೊಳೆ ಓರೆಯಾಯಿತು. ಅಬ್ಬಾ ಇಕ್ಕಳ ಎತ್ತಿಕೊಂಡರು. ಕುದುರೆಯ ಕಾಲು ಹಿಡಿದು ಕೂತಿದ್ದ ದ್ಯಾಮಪ್ಪನೇ ತಡೆದ.

"'ಬ್ಯಾಡೋ ಖಾದರ, ನನ್ನ ತಂಗಿ ಇಟ್ಟ ಮೊಳಿ ಕೀಳಬ್ಯಾಡ' ಅಂದ. ಹೆಣ್ಣುಮಗಳು ಇಟ್ಟದ್ದನ್ನ ಯಾವ ನಾಲಬಂದನೂ ಕೀಳಂಗಿಲ್ಲ, ಕುದರಿಗೆ ಆಗಿ ಬರಂಗಿಲ್ಲ ಅಂತಿದ್ರು. ಆರು ಮೊಳಿ ಗಟ್ಟಿ ಅದಾವಲ್ಲ, ನಡೀತೈತಿ ಅಂತ ನಾನೂ ಇಕ್ಕಳ ಕೆಳಗ ಇಟ್ಟೆ. ಓಡೂ ಹೊತ್ತಿಗೆ ಆ ಓರೆ ಮೊಳಿ ಗೊರಸು ಸೀಳಿತು." ಅಬ್ಬಾ ನನ್ನ ಕೈಯಿಂದ ನಾಲನ್ನು ತಿರುಗಿ ತೆಗೆದುಕೊಂಡರು. "ಕೀಳಬೇಕಿತ್ತು. ಅಷ್ಟು ತಪ್ಪು ನಂದ ಐತಿ."

ಫೋನ್ ತೆಗೆದು ಮತ್ತೆ ಆ ಜಾಗಕ್ಕೆ ಬಂದೆ. ಮೂಲೆಯಲ್ಲಿ ಬೆಳ್ಳಗೆ ಮಿಂಚಿದ ಕಡೆ ನಿಲ್ಲಿಸಿದೆ. ಗೀರಲ್ಲ ಅದು. ಪುಟ್ಟ ಬಲಗೈ, ಮಣಿಕಟ್ಟಿನ ತುಂಬ ಗಾಜಿನ ಬಳೆ, ಬಿಸಿಲು ಅವುಗಳ ಮೇಲೆ ಬಿದ್ದಿದೆ. ಟೆಂಟಿನಲ್ಲಿ ಕೂಗಿದವರಾರೂ ಅದನ್ನು ನೋಡಿರಲಿಲ್ಲ. ಸಿನೆಮಾವನ್ನು ನಿಲ್ಲಿಸಿ ನೋಡುವ ಉಪಾಯ ಅವರಿಗೆ ಇರಲಿಲ್ಲ. ಸರೋಜವ್ವ ನಿಲ್ಲಿಸಿ ನೋಡಿದ್ದಾಳೆ. ಅದಕ್ಕೇ ಬಂದಿದ್ದಳು. ಅವಳು ಕೇಳಿದ್ದು ಅಬ್ಬಾನ ತಪ್ಪನ್ನಲ್ಲ, ತನ್ನದನ್ನು.

"ಅಕೀಗೆ ಹತ್ತು ವರ್ಷ, ನುಜಹತ," ಎಂದರು ಅಬ್ಬಾ. "ಅಣ್ಣನ ಹೆಣದ ಮುಂದ ನಿಂತು ತನ್ನ ಕೈ ನೋಡಿಕೊಳ್ಳಾಕತ್ತಿದ್ಲು. ಅದನ್ನ ನೋಡಿದ ಮ್ಯಾಲ ನಾ ಯಾರ ಮುಂದ ಏನು ಹೇಳ್ಲಿ?"

"ನನ್ನ ಮುಂದಾದ್ರೂ ಹೇಳಬಹುದಿತ್ತಲ್ಲ."

"ನಿನ್ನ ಬಾಯಿ ನಂಗ ಗೊತ್ತಿಲ್ಲೇನು? ಹುಲಗೂರಿನವರ ಹಿಂದ ಓಡಿದಾಗ ಬೀದ್ಯಾಗ ಅದನ್ನೂ ಒದರ್ತಿದ್ದಿ."

ಒದರುತ್ತಿದ್ದೆ. ನಿಜ. ನಲವತ್ತಾರು ವರ್ಷ ಈ ಮನುಷ್ಯನ ಮೇಲೆ ಅನುಮಾನ ಪಟ್ಟದ್ದಕ್ಕೆ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡು ಅನುಭವಿಸಿದ್ದಕ್ಕೆ ಅವರ ಮೇಲೆ ಸಿಟ್ಟೂ ಬಂತು. ಎರಡೂ ಸೇರಿ ಅಳು ಬಂತು, ಅತ್ತೆ.

ಸಂಜೆ ಐದಕ್ಕೆ ಪೂಜಾ ಫೋನ್ ಮಾಡಿದಳು.

"ಮುಂಜಾನೆ ನಿಮಗ ಬ್ಯಾಸರ ಆತೇನೋ, ತಪ್ಪು ತಿಳೀಬ್ಯಾಡ್ರಿ," ಎಂದಳು. "ನಂಗ ಬುದ್ಧಿ ಬಂದಾಗಿಂದ ಅಜ್ಜಿ ಬಲಗೈ ಸೆರಗಿನ್ಯಾಗ ಇಟ್ಕೊಂಡ ಇರ್ತಿದ್ಲರಿ. ಯಾಕಂತ ಯಾರಿಗೂ ಹೇಳಿಲ್ಲ. ಇವತ್ತು ಮನಿಗೆ ಬಂದು ಹೊರಗ ಇಟ್ಟು ಕುಂತಾಳ. ಓಣಿ ಹುಡುಗೀನ್ನ ಕರದು ಆ ಕೈಲೆ ಹೆರಳು ಹಾಕಾಕತ್ತಾಳ." ಆಮೇಲೆ ಹೇಳಿದಳು, "ನಮ್ಮ ಕಾಲೇಜಿನ್ಯಾಗ ಈ ಸಿನೆ​ಮಾ ತೋರಸೂದೈತ್ರಿ. ನಾಕೂ ತಾಲೂಕಿನ ಮಂದಿ ಬರ್ತಾರ. ಕೊನಿಗೆ ಇವತ್ತಿನ ಮಾತೂ ತೋರ್ಸು ಅಂತಾಳ ಅಜ್ಜಿ. ನಾನು ಮಾಫ ಮಾಡಿದ್ದನ್ನ ಮಂದಿ ನೋಡ್ಲಿ, ಇನ್ನ ಮ್ಯಾಲ ಖಾದರಸಾಬರನ್ನ ಯಾರೂ ಏನೂ ಅನ್ನಬಾರದು ಅಂತ. ನೀವು ಬ್ಯಾಡ ಅಂದ್ರ ಈಗ ಅಳಸ್ತೇನ್ರಿ."

ಬೇಡ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಳಿಸಿ ಎಂದರೆ ಮುಗಿಯಿತು, ಅಬ್ಬಾ ಸತ್ತ ಮೇಲಾದರೂ ನಾನು ನಿಜ ಹೇಳಬಹುದು. ಆದರೆ ಬೇಡ ಎಂದರೆ ಆ ಮುದುಕಿ, ಯಾಕೆ ಬೇಡ ಅಂದರು ಎಂದು ಕೇಳುತ್ತಾಳೆ. ಒಂದು ದಿನ ಕೇಳುತ್ತಾಳೆ, ಎರಡನೆಯ ದಿನ ಯೋಚಿಸುತ್ತಾಳೆ, ಮೂರನೆಯ ದಿನ ಕೈ ಮತ್ತೆ ಸೆರಗಿನೊಳಗೆ ಹೋಗುತ್ತದೆ. ಅನುಮಾನ ಹೊಕ್ಕ ಮನೆಯಲ್ಲಿ ಬದುಕುವುದು ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಒಳಗೆ ಅಬ್ಬಾ ಮಂಚದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. ನಾಲು ಅವರ ತೊಡೆಯ ಮೇಲಿತ್ತು.

"ತೋರಿಸ್ರಿ," ಎಂದೆ. "ಆದ್ರ ಹೆಸರು ಪೂರ್ತಿ ಬರೀಬೇಕು. ಖಾದರಸಾಬ ನಾಲಬಂದ, ಸವಣೂರ."

"ನಿಮ್ಮ ಅಡ್ಡಹೆಸರು ಎಲಿಗಾರ ಅಲ್ಲೇನ್ರಿ?"

"ಅಲ್ಲ," ಎಂದೆ. ಅಬ್ಬಾನಿಗೆ ಕೇಳಲೆಂದು ದನಿ ಎತ್ತಿ ಮತ್ತೊಮ್ಮೆ ಹೇಳಿದೆ. "ನಾಲಬಂದ. ನಾವು ನಾಲಬಂದರು."